ಮೂರನೇ ಬಹುಮಾನದ ಸುಕನ್ಯಾ

ಮಲ್ಲಂದೂರು ಕಡೆಯ ಆ ಪುಟ್ಟ ಹೈಸ್ಕೂಲಿನಲ್ಲಿ ವಾರ್ಷಿಕ ಸ್ಪರ್ಧೆಗಳೆಂದರೆ ಶಿಲ್ಪಾ ಟೀಚರಿಗೆ ಮೊದಲು ನೆನಪಾಗುವುದು ಒಂಬತ್ತನೇ ತರಗತಿಯ ಸುಕನ್ಯಾ. ಅವಳು ಸೇರದ ಸ್ಪರ್ಧೆಯಿಲ್ಲ, ಗೆದ್ದ ಸ್ಪರ್ಧೆಯೂ ಇಲ್ಲ. ಭಾವಗೀತೆಗೆ ನಿಂತರೆ ಎರಡನೇ ಸಾಲಿಗೇ ಶ್ರುತಿ ತೋಟದ ಬೇಲಿ ದಾಟಿರುತ್ತದೆ. ಚರ್ಚಾಸ್ಪರ್ಧೆಯಲ್ಲಿ ಎದುರಾಳಿಯ ಮಾತು ಮುಗಿಯುವ ಮೊದಲೇ, "ಹೌದಲ್ವಾ, ಅವ್ರು ಹೇಳೋದೂ ಸರಿನೇ" ಎಂದು ತಲೆಯಾಡಿಸಿಬಿಡುತ್ತಾಳೆ. ಅವಳು ರಂಗೋಲಿಯಲ್ಲಿ ಬಿಡಿಸಿದ ನವಿಲನ್ನು ತೀರ್ಪುಗಾರರು ಹೂಕೋಸೆಂದು ತಿಳಿದು ಮೆಚ್ಚಿದ್ದುಂಟು. ಅವಳು ಗುಂಡು ಎಸೆದ ದಿನ ಹೆಡ್‌ಮಾಸ್ಟರ್ ಮಲ್ಲಿಕಾರ್ಜುನಪ್ಪನವರು ಟೇಪು ಬಿಚ್ಚುವ ಗೋಜಿಗೇ ಹೋಗದೆ ಗೇಣಿನಲ್ಲಿ ಅಳೆದು ಮುಗಿಸಿದರು. ಆದರೂ ಮೂರನೇ ಬಹುಮಾನ ಮಾತ್ರ ಎಂದೂ ತಪ್ಪಿದ್ದಲ್ಲ. ಕಾಫಿ ಎಸ್ಟೇಟಿನ ಕೂಲಿಕಾರರ ಲೈನ್ ಮನೆಯಲ್ಲಿ ಅವಳ ತಾಯಿ ರಾಮಮ್ಮ ಉಪ್ಪು, ಸಾಸಿವೆ, ಕಾಫಿಪುಡಿ ಎಲ್ಲವನ್ನೂ ತುಂಬಿಡುವುದು ಬಹುಮಾನದ ಸ್ಟೀಲ್ ಡಬ್ಬಿಗಳಲ್ಲೇ. ಈ ವರ್ಷ ಅವಳು ಮತ್ತೆ ಸಾಲುಸಾಲಾಗಿ ಹೆಸರು ಬರೆಸಿದಾಗ ಟೀಚರಿಗೆ ತಾಳ್ಮೆ ತಪ್ಪಿತು. "ಬಾರದ್ದಕ್ಕೆಲ್ಲ ಯಾಕೆ ಸೇರ್ತೀಯೇ ನೀನು?" ಸುಕನ್ಯಾ ಜಡೆಯ ರಿಬ್ಬನ್ ತಿರುವುತ್ತ ಹೇಳಿದಳು: "ಮೂರು ಜನ ಇಲ್ದಿದ್ರೆ ಸ್ಪರ್ಧೆನೇ ನಡೆಸಲ್ಲ ಅಂತೀರಲ್ಲ ಟೀಚರ್. ಧನ್ಯಾ ಎಷ್ಟು ಚೆನ್ನಾಗಿ ಹಾಡ್ತಾಳೆ! ನಾನು ಸೇರದಿದ್ರೆ ಅಲ್ಲಿ ಇಬ್ರೇ ಆಗ್ತಾರೆ." ಟೀಚರ್ ಪಟ್ಟಿಯನ್ನು ಮೇಲಿನಿಂದ ಇನ್ನೊಮ್ಮೆ ಓದಿದರು. ಏಳು ಸ್ಪರ್ಧೆಗಳಿಗೆ ಮೂರು ಮೂರೇ ಹೆಸರು, ಏಳರಲ್ಲೂ ಮೂರನೆಯದು ಇವಳದೇ. ಅವರು ಪೆನ್ನಿನ ಮುಚ್ಚಳ ತೆಗೆದು ಕೇಳಿದರು: "ಚೆಸ್‌ಗೂ ಇಬ್ರೇ ಇದಾರೆ ಮಾರಾಯ್ತಿ. ಆಡೋಕೆ ಬರುತ್ತಾ?" "ಬರಲ್ಲ ಟೀಚರ್," ಎಂದಳು ಸುಕನ್ಯಾ, "ಬರ್ಕೊಳ್ಳಿ."