ಹನುಮವ್ವನ ಠರಾವು

ಮೊನ್ನೆ ರಾಯಚೂರಿನ ಕಚೇರಿಯೊಂದರಲ್ಲಿ ದಾಖಲೆಗಾಗಿ ಕಾಯುತ್ತಿದ್ದೆ. ಗುಮಾಸ್ತ ಠಸ್ಸೆಯನ್ನು ಶಾಯಿಗೆ ಒತ್ತಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಎಂಬತ್ತರ ದಶಕದ ಆರಂಭಕ್ಕೆ, ಪೋತ್ನಾಳದಾಚೆಯ ಹಳ್ಳಿಯೊಂದರ ಪಂಚಾಯಿತಿಗೆ ಹೋಗಿಬಿಟ್ಟೆ. ಆಗ ನಾನು ಅಲ್ಲಿನ ಕಾರ್ಯದರ್ಶಿ. ಮೀಸೆಗಿಂತ ಗತ್ತೇ ದಪ್ಪವಾಗಿದ್ದ ವಯಸ್ಸು.

ಪಂಚಾಯಿತಿಯೆಂದರೆ ಚರಂಡಿ, ಬೀದಿದೀಪ. ಅದರಾಚೆ ಕೈಹಾಕಿದರೆ ಊರು ಕೆಡುತ್ತದೆಂದು ಜನವೂ ನಂಬಿದ್ದರು, ನಾನೂ ನಂಬಿದ್ದೆ. ಹಾಗಿರುವಾಗ ಒಂದು ಸಭೆಯಲ್ಲಿ ದಲಿತ ಕೇರಿಯ ಸದಸ್ಯೆ, ಕೂಲಿ ಮಾಡುತ್ತಿದ್ದ ಹನುಮವ್ವ, ಎದ್ದು ನಿಂತಳು. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಆಕೆಯ ಕೇರಿಯವರಿಗೆ ಬೇರೆ ಕಪ್ಪು, ಕೂರಲು ಹೊರಗಿನ ಕಲ್ಲು.

"ಆ ಹೋಟೆಲಿಗೆ ಪರವಾನಗಿ ಕೊಡೋರು ನಾವು. ಎಲ್ಲಾರೂ ಒಳಗ ಕೂಡಬೇಕು, ಕಪ್ಪು ಒಂದೇ ಇರಬೇಕು ಅಂತ ಠರಾವು ಬರೀರಿ."

ಅಧ್ಯಕ್ಷರು ನಕ್ಕರು. "ಯವ್ವಾ, ಚರಂಡಿ ಕೆಲಸ ಬಿಟ್ಟು ಇದೆಲ್ಲಾ ನಮಗ್ಯಾಕ?"

"ಚರಂಡ್ಯಾಗ ಎಲ್ಲಾರ ನೀರೂ ಕೂಡೇ ಹರೀತದಲ್ರಿ. ಅದಕ್ಕ ಯಾರೂ ತಕರಾರು ಮಾಡಿಲ್ಲ."

ಆಗ ನಾನು ಜಾಣತನ ತೋರಿಸಿದೆ. ನಡಾವಳಿ ಪುಸ್ತಕದಲ್ಲಿ 'ಇತರೆ ವಿಷಯಗಳನ್ನು ಚರ್ಚಿಸಲಾಯಿತು' ಎಂದು ಬರೆದು ಮುಗಿಸಿದೆ. ಆಕೆಗೆ ಓದು ಬರದು, ಹೆಬ್ಬೆಟ್ಟು ಒತ್ತಿ ಹೋಗುತ್ತಾಳೆಂಬ ಲೆಕ್ಕಾಚಾರ. ಆಕೆ ಬೆರಳು ಚಾಚಲಿಲ್ಲ. "ಓದ್ರಿ ಸಾಹೇಬ್ರ," ಎಂದಳು. ಓದಿದೆ.

"ಇದರಾಗ ನನ್ನ ಮಾತು ಎಲ್ಲಿ ಅದ?"

ಆ ಸಾಲು ಹೊಡೆದುಹಾಕಿ ಆಕೆಯ ಮಾತನ್ನೇ ಬರೆದೆ. ಮತಕ್ಕೆ ಮೊದಲು ಕೈ ಎತ್ತಿದವನು ಕುರಿಗಾರ ಸದಸ್ಯ ಬೀರಪ್ಪ. ಒಂದೇ ಮತದಿಂದ ಠರಾವು ಪಾಸಾಯಿತು.

ಸಿಟ್ಟಾದ ಹೋಟೆಲಿನವನು ಎಂಟು ದಿನ ಬಾಗಿಲು ಹಾಕಿದ. ಮಾನ್ವಿ ಬಸ್ಸಿಗೆ ಕಾಯುವವರೆಲ್ಲ ನನ್ನನ್ನು ಹಿಡಿದು ಕೇಳಿದರು: "ಚಹಾ ಕುಡಿಸೋದೂ ಪಂಚಾಯ್ತಿ ಕೆಲಸೇನ್ರಿ?"

ಒಂಬತ್ತನೆಯ ಬೆಳಿಗ್ಗೆ ಬಾಗಿಲು ತೆರೆಯಿತು. ಹನುಮವ್ವ ನೇರ ಒಳಹೋಗಿ ಬೆಂಚಿನ ಮೇಲೆ ಕೂತಳು. ನಾನೂ ಪಕ್ಕದಲ್ಲಿ ಕೂತೆ. ಹೋಟೆಲಿನವನು ಬಹಳ ಹೊತ್ತು ಒಲೆಯ ಹತ್ತಿರವೇ ನಿಂತಿದ್ದ. ಕೊನೆಗೆ ಒಂದೇ ತರಹದ ಎರಡು ಕಪ್ಪು ತಂದಿಟ್ಟ. ನಾಲ್ಕೈದು ಮಂದಿ ಎದ್ದು ಹೋದರು. ಹತ್ತಿ ಬಿಡಿಸುವ ಸುಗ್ಗಿಯ ಹೊತ್ತಿಗೆ ಅವರೂ ಮರಳಿ ಬಂದು ಅದೇ ಬೆಂಚಿನಲ್ಲಿ ಕೂತರು.

ಈಗ ನನ್ನ ಬೆಳಗಿನ ವಾಕಿಂಗ್ ಗೆಳೆಯರು ಆಗಾಗ ಹೇಳುತ್ತಾರೆ: "ನಗರಸಭೆ ಕೌನ್ಸಿಲಿನವ್ರು ನಳದ ನೀರು ನೋಡಿಕೊಂಡ್ರ ಸಾಕು, ಜಾತಿ-ಗೀತಿ ವಿಚಾರ ಅವರಿಗ್ಯಾಕ?" ಇಷ್ಟು ವರ್ಷ ವಾದ ಬೇಡವೆಂದು ತಲೆಯಾಡಿಸುತ್ತಿದ್ದೆ. ನಿನ್ನೆ ಆಡಿಸಲಿಲ್ಲ. "ನಿಲ್ರಿ, ಹನುಮವ್ವ ಅಂತ ಒಬ್ಬ ಮೆಂಬರ್ ಇದ್ಲು," ಎಂದು ಶುರುಮಾಡಿದೆ. ಬಿಸಿಲೇರುವವರೆಗೂ ಜಗಳವಾಯಿತು. ನಾನು ಸೋಲಲಿಲ್ಲ.