ಹಣೆಪಟ್ಟಿರಾಯರು
ಐಸಿಯುವಿಗೆ ಡಾಕ್ಟರುಗಳು ಬರುತ್ತಾರೆ, ಹೋಗುತ್ತಾರೆ. ಅಲ್ಲಿನ ಚಕ್ರವರ್ತಿ ಮಾತ್ರ ನಮ್ಮ ಹಣೆಪಟ್ಟಿರಾಯರೇ. ರೋಗಿಯ ಹಣೆಯ ಎಡಕ್ಕೊಂದು, ಬಲಕ್ಕೊಂದು ಪಟ್ಟಿ ಅಂಟಿಸಿ, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಬುರುಡೆಯೊಳಗೆ ಹಾಯಿಸಿ, ಮಿದುಳಿಗೆ ಆಮ್ಲಜನಕ ಎಷ್ಟು ಸಿಗುತ್ತಿದೆಯೆಂದು ಪರದೆಯ ಮೇಲೆ ಪಟ್ಟಿಗೊಂದರಂತೆ ಎರಡು ಗೆರೆಗಳಲ್ಲಿ ತೋರಿಸುವುದೇ ಅವರ ರಾಜ್ಯಭಾರ. ಯಾರು ಎದುರಾದರೂ ಮುಖ ನೋಡುವುದಿಲ್ಲ, ಹಣೆ ನೋಡುತ್ತಾರೆ. ಹೆಂಡತಿಯಾಗುವವರನ್ನು ಮೊದಲ ಸಲ ಕಂಡಾಗಲೂ "ಅಗಲವಾದ ಹಣೆ, ಪಟ್ಟಿ ಚೆನ್ನಾಗಿ ಕೂರುತ್ತೆ" ಎಂದಿದ್ದರಂತೆ. "ಹಾಗಾದ್ರೆ ಹಣೇನೇ ಕಟ್ಕೊಳ್ಳಿ, ನನ್ನ ಬಿಡಿ" ಎಂದು ಆಕೆ ನಕ್ಕಿದ್ದರಂತೆ. ನರ್ಸುಗಳಿಗೆ ದಿನವೂ ಒಂದೇ ಪಾಠ: "ಒರೆಸದೆ ಅಂಟಿಸಿದ್ರೆ ಅದು ಬೆವರಿನ ಸುದ್ದಿ ಹೇಳುತ್ತಮ್ಮ, ಮಿದುಳಿಂದಲ್ಲ." ಒಂದು ಜೋಡಿ ಪಟ್ಟಿಯನ್ನು ಇಬ್ಬರ ಹಣೆಗೆ ಹಂಚುವುದಂತೂ ಅವರ ಶಾಸನದಲ್ಲಿ ಮಹಾಪರಾಧ. ಹನ್ನೊಂದು ದಿನಗಳಿಂದ ಆ ಹೆಂಡತಿಯೇ ಮೂಲೆಯ ಹಾಸಿಗೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಾರೆ. ಗೆರೆಗಳು ದಿನಕ್ಕಿಷ್ಟು ಕೆಳಗಿಳಿಯುತ್ತಿವೆ. ನಿನ್ನೆ ಬೆಳಿಗ್ಗೆ ದೊಡ್ಡ ಡಾಕ್ಟರು ಬಂದು ನೋಡಿದರೆ, ಎಡದ ಪಟ್ಟಿ ಆಕೆಯ ಹಣೆಯ ಮೇಲಿತ್ತು, ಬಲದ್ದು ಪಕ್ಕದ ಕುರ್ಚಿಯಲ್ಲಿದ್ದ ರಾಯರ ಹಣೆಯ ಮೇಲೆ. "ಏನ್ರೀ ಇದು? ನಿಮ್ಮ ಕಾಯ್ದೆ ನೀವೇ ಮುರಿದ್ರಲ್ಲ!" ಎಂದರು. ರಾಯರು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಅವಳ ಗೆರೆ ಒಂಟಿಯಾಗಿ ಇಳಿಯೋದು ಬೇಡ ಸಾರ್, ನಂದೂ ಪಕ್ಕದಲ್ಲಿರ್ಲಿ."