ಪಂಕಜ ಮೇಡಂಗೆ ಮಣಿಯದ ಆಲೂಗಡ್ಡೆ

ಶಿಡ್ಲಘಟ್ಟದ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ಪಂಕಜ ಮೇಡಂ ಗಂಡನನ್ನು, ಇಬ್ಬರು ನಾದಿನಿಯರನ್ನು, ಚಿಂತಾಮಣಿ ಬಸ್ಸಿನ ಕಿಟಕಿ ಸೀಟನ್ನು ಗೆದ್ದವರು. ಅವರಿಗೆ ಮಣಿಯದೆ ಉಳಿದದ್ದು ಆಲೂಗಡ್ಡೆ ಮಾತ್ರ.

ಪಾಠವೇನೋ ಸರಳ. ಸಿಪ್ಪೆ ಹೆರೆದ ಹಸಿ ಆಲೂಗಡ್ಡೆಯನ್ನು ಬಟ್ಟಲಿನಂತೆ ಕೊರೆದು, ಒಳಗೆ ಸಕ್ಕರೆ ಹಾಕಿ, ತಟ್ಟೆಯ ನೀರಿನಲ್ಲಿ ನಿಲ್ಲಿಸಬೇಕು. ಜೀವಕೋಶದ ಪೊರೆ ನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸಕ್ಕರೆಯನ್ನು ಸುಲಭಕ್ಕೆ ದಾಟಿಸುವುದಿಲ್ಲ. ಹೊತ್ತು ಕಳೆದಂತೆ ಬಟ್ಟಲಿನಲ್ಲಿ ನೀರು ತುಂಬುತ್ತದೆ. ಹೋಲಿಸಿ ನೋಡಲು ಪಕ್ಕದಲ್ಲಿ ಬೇಯಿಸಿದ್ದೊಂದು. ಅದರ ಪೊರೆ ಸತ್ತಿರುವುದರಿಂದ ಅಲ್ಲಿ ನೀರು ತುಂಬದು. ಪುಸ್ತಕದಲ್ಲಿ ಇದೆಲ್ಲ ಸಲೀಸು. ಮೇಡಂ ಪಾಲಿಗೆ ಒಂದು ವರ್ಷ ಹಸಿ ಆಲೂಗಡ್ಡೆ ಬಿಸಿಯೂಟದ ಸಾಂಬಾರು ಸೇರಿತು, ಮರುವರ್ಷ ಇರುವೆ ಸೈನ್ಯ ಸಕ್ಕರೆಯನ್ನು ಕೊಳ್ಳೆ ಹೊಡೆಯಿತು.

ಈ ಸಲದ ರಣರಂಗ ಚಿಕ್ಕಬಳ್ಳಾಪುರ, ಜಿಲ್ಲೆಯ ವಿಜ್ಞಾನ ಶಿಕ್ಷಕರ ತರಬೇತಿ. ಗೌರಿಬಿದನೂರಿನ ಸುಧೀಂದ್ರ ಮೇಷ್ಟ್ರು ಎಲ್ಲರೆದುರು ಸವಾಲು ಹಾಕಿದ್ದರು. "ಬೋರ್ಡ್ ಮೇಲೆ ಚಿತ್ರ ಬರೆದ್ರೆ ಮಾರ್ಕ್ಸ್ ಬರತ್ತೆ. ಈ ತಲೆನೋವು ಯಾಕೆ ಮೇಡಂ?" ಸಂಜೆಯೊಳಗೆ ನೀರು ತುಂಬಿದರೆ ಎಲ್ಲರೂ ತಮ್ಮ ಶಾಲೆಯಲ್ಲಿ ಪ್ರಯೋಗ ಮಾಡುವುದು, ಇಲ್ಲದಿದ್ದರೆ ಚಿತ್ರವೇ ಗತಿ ಎಂದು ಒಪ್ಪಂದವಾಯಿತು.

ಬೆಳಿಗ್ಗೆ ಹಸಿಯದೊಂದು, ಬೇಯಿಸಿದ್ದೊಂದು ಬೇರೆ ಬೇರೆ ತಟ್ಟೆಯಲ್ಲಿ ಇಟ್ಟದ್ದಾಯಿತು. ಊಟ ಮುಗಿಸಿ ಬಂದು ನೋಡಿದರೆ ಎರಡು ಬಟ್ಟಲಿನಲ್ಲೂ ನೀರಿಲ್ಲ.

"ಅಣ್ಣತಮ್ಮಂದಿರ ಹಂಗಿದಾವಲ್ಲ ಮೇಡಂ, ಎರಡೂ," ಎಂದರು ಸುಧೀಂದ್ರ.

ಮೇಡಂ ಹಸಿಯದನ್ನು ಬೆರಳಿನಿಂದ ಒತ್ತಿದರು. ಬೆರಳು ಮೆತ್ತಗೆ ಒಳಗಿಳಿಯಿತು.

"ಮೋಹನ್‌ಬಾಬು, ಇದನ್ನ ಏನ್ ಮಾಡಿದ್ರಿ?"

ಸಾಮಾನು ಹೊತ್ತು ತಂದಿದ್ದ ಶಾಲೆಯ ಅಟೆಂಡರ್ ಮೋಹನ್‌ಬಾಬು ರೇಷ್ಮೆ ನೂಲು ತೆಗೆಯುವ ಮನೆಯವರು. "ಕೊರೆಯಕ್ಕೆ ಗಟ್ಟಿಯಾಗಿತ್ತು ಮೇಡಂ. ಕುದಿಯೋ ನೀರಲ್ಲಿ ಒಂದ್ ಸುತ್ತು ಹಾಕ್ದೆ. ನಮ್ಮನೇಲಿ ಗೂಡಿಗೂ ಹಂಗೇ. ಬೇಯ್ಸದೆ ಎಳೆ ಬಿಡತ್ತಾ?"

"ಅದು ಗೂಡು. ಇದು ಗಡ್ಡೆ ಕಣ್ರೀ."

"ಒಳಗಿನ ಜೀವ ಹೋಗ್ಬೇಕಲ್ಲ ಮೇಡಂ."

"ಇದರದ್ದು ಇರ್ಬೇಕು ಮಾರಾಯ್ರೆ."

ಮೇಡಂ ಆ ಗಡ್ಡೆಯ ತಟ್ಟೆಯ ನೀರನ್ನು ಚಮಚದಲ್ಲಿ ಎತ್ತಿ ಸುಧೀಂದ್ರರ ಬಾಯಿಗೇ ಹಿಡಿದರು. "ಸಿಹಿ ಇದೆಯಾ? ಪೊರೆ ಸತ್ತಿದೆ, ಸಕ್ಕರೆ ಹೊರಗೆ ಸೋರಿದೆ."

"ಸಿಹಿ ಇದೆ. ಆದ್ರೆ ಬಟ್ಟಲಲ್ಲಿ ನೀರೆಲ್ಲಿ?"

ಮೇಡಂ ಅಡುಗೆಮನೆಗೆ ನುಗ್ಗಿ, ಬೋಂಡಕ್ಕೆಂದು ಇಟ್ಟಿದ್ದ ಹಸಿ ಆಲೂಗಡ್ಡೆಯೊಂದನ್ನು ಸೆರೆಹಿಡಿದು ತಂದು, ಹಲ್ಲು ಕಚ್ಚಿ ತಾವೇ ಕೊರೆದು, ಸಕ್ಕರೆ ತುಂಬಿ ಹೊಸ ನೀರಿನಲ್ಲಿ ನಿಲ್ಲಿಸಿದರು. ಆಮೇಲೆ ಬಾಗಿಲಿಗೆ ಅಡ್ಡಲಾಗಿ ಕುರ್ಚಿ ಹಾಕಿಕೊಂಡು ಕೂತರು. ಬೋಂಡ ಮುಗಿಯಿತು, ಗೌರಿಬಿದನೂರಿನ ಬಸ್ಸು ಹೋಯಿತು, ಯಾರೂ ಕದಲುವಂತಿರಲಿಲ್ಲ. ಕೊನೆಗೆ ಸಕ್ಕರೆ ಒದ್ದೆಯಾಯಿತು, ಕರಗಿತು. ಬಟ್ಟಲಿನಲ್ಲಿ ನೀರು ಏರಿ ನಿಂತಿತು.

ಸುಧೀಂದ್ರ ಫೋನ್ ತೆಗೆದರು. "ಗೆದ್ರಿ ಮೇಡಂ. ಒಂದು ಫೋಟೋ ತಗೋತೀನಿ, ನಮ್ಮ ಮಕ್ಳಿಗೆ ಅದನ್ನೇ ತೋರಿಸಿದ್ರಾಯ್ತು."

ಮೇಡಂ ಬಟ್ಟಲಿಗೆ ಅಂಗೈ ಮುಚ್ಚಿ, ಇನ್ನೊಂದು ಕೈಯಲ್ಲಿ ಚಾಕುವನ್ನು ಅವರತ್ತ ಚಾಚಿದರು.

"ಅಡುಗೆಮನೇಲಿ ಇನ್ನೂ ಗಡ್ಡೆ ಇದಾವೆ. ಕೊರೀರಿ."